ಬೂಸ್ಟ್ ಏರಿಸಿದ್ರ ಇಂಜಿನ್ ಹೋಗ್ತದೋ, ಆರ್‌ಪಿಎಂ ಏರಿಸಿದ್ರ ಹೋಗ್ತದೋ?

ಕಲಬುರಗಿ_ಡೀಸೆಲ್:
ನಮಸ್ಕಾರ್ರಿ ಎಲ್ಲಾರಿಗೂ. ನಂದು 1.5 ಲೀಟರ್ ಟರ್ಬೊ ಡೀಸೆಲ್ ಗಾಡಿ, ಲಕ್ಷ ಕಿಲೋಮೀಟರ್ ದಾಟ್ಯದ. ಇಲ್ಲೇ ಒಬ್ಬಂವ ರೀಮ್ಯಾಪ್ ಮಾಡಿ (ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ) ಬೂಸ್ಟ್, ಅಂದ್ರ ಟರ್ಬೊ ತುಂಬೋ ಗಾಳಿ ಒತ್ತಡ, 1 ಬಾರ್‌ನಿಂದ 1.3ಕ್ಕ ಏರಿಸ್ತೀನಿ, 30 ಪರ್ಸೆಂಟ್ ಜಾಸ್ತಿ ಎಳೀತದ, ಆರ್‌ಪಿಎಂ ಲಿಮಿಟ್ ಮುಟ್ಟಂಗಿಲ್ಲ ಅದ್ಕ ಇಂಜಿನ್‌ಗ ಯಾನೂ ಆಗಂಗಿಲ್ಲ ಅಂತಾನ. ಖರೇನಾ? ವಾರಕ್ಕೊಮ್ಮೆ ಬೀದರಕ್ಕ ಹೋಗಿ ಬರ್ತೀನಿ, ಬ್ಯಾಸಗ್ಯಾಗೂ.

ಪಾನಾ_ಪಕ್ಕಡ್:
ಅರ್ಧ ಖರೆ ಅದ. ಆರ್‌ಪಿಎಂ ಡಬಲ್ ಆದ್ರ ಪಿಸ್ಟನ್ ಹಿಡ್ದಿರೋ ಕನೆಕ್ಟಿಂಗ್ ರಾಡ್ ಮ್ಯಾಲಿನ ಜಗ್ಗಾಟ ನಾಕು ಪಟ್ಟು ಆಗ್ತದ. 4000ದಿಂದ 5000ಕ್ಕ ಒಯ್ದ್ರೂ ಒಂದೂವರೆ ಪಟ್ಟಿನ ಮ್ಯಾಲೇ. ಜ್ವಾಳದ ಹೊಲದಾಗ ಹಕ್ಕಿ ಹೊಡಿಲಿಕ್ಕ ಕವಣಿ ತಿರುಗಸ್ತೀವಲ್ಲ, ಜೋರು ತಿರುಗಿಸಿದಂಗೆಲ್ಲ ಕೈ ಹೆಂಗ ಜಗ್ತದ, ಹಂಗ. ಪಿಸ್ಟನ್ ಮ್ಯಾಲ ಹೋಗಿ ಗಕ್ಕನ ನಿಂತು ಹೊಳ್ಳಿ ಬರ್ಬೇಕು, ಹೊಗಿ ಹೊರಗ ದಬ್ಬೋ ಎಕ್ಸಾಸ್ಟ್ ಸ್ಟ್ರೋಕ್‌ನಾಗ ಮ್ಯಾಲಿಂದ ಒತ್ತಲಿಕ್ಕ ಗ್ಯಾಸ್ ಇರಂಗಿಲ್ಲ, ಪೂರಾ ಭಾರ ರಾಡ್ ಬೋಲ್ಟ್ ಮ್ಯಾಲೇ. ಬೂಸ್ಟ್ ಹಂಗಲ್ಲ, ಅದು ಮ್ಯಾಲಿಂದ ಒತ್ತತದ. ಒತ್ತಿದ್ರ ರಾಡ್ ಒಂದು ಹದಕ್ಕ ತಡೀತದ, ಆದ್ರ ಹೆಡ್ ಗ್ಯಾಸ್ಕೆಟ್, ಪಿಸ್ಟನ್ ತಲಿ, ಬೇರಿಂಗ್ ಏಟು ತಿಂತಾವ, ಜೊತೀಗ ಬಿಸಿ.

ಸೇಡಂ_ರೋಡ್:
ಅಣ್ಣಾ ಹೇಳಿದ್ದು ಬರೋಬ್ಬರಿ ಆದ್ರ ಡೀಸೆಲ್ ಗಾಡಿ 5000ಕ್ಕ ಯಾರ್ ಒಯ್ತಾರ್ರಿ, ಇಲ್ಲಿ ಇಂಜಿನ್ ಕೊಲ್ಲೋದು ಐದನೇ ಗೇರ್‌ನಾಗ 1500ಕ್ಕ ಎಕ್ಸಲರೇಟರ್ ಪೂರಾ ತುಳಿಯೋರು. ಬೂಸ್ಟ್ ತುಂಬಿರ್ತದ, ಇಂಜಿನ್ ಸಾವಕಾಶ ತಿರುಗ್ತಿರ್ತದ, ಆ ಒತ್ತಡ ಪ್ರತಿ ಏಟಿಗೂ ಜಾಸ್ತಿ ಹೊತ್ತು ಕುಂದರ್ತದ, ಬೇರಿಂಗ್‌ನಾಗಿನ ಆಯಿಲ್ ಪದರಾನೂ ತೆಳ್ಳಗ. ರೀಮ್ಯಾಪ್ ಆದಮ್ಯಾಲ ಎಳೆತ ಅಲ್ಲೇ ಸಿಗ್ತದಲ್ಲ, ಗೇರ್ ಇಳಸಲಿಕ್ಕ ಮನಸ್ಸೇ ಬರಂಗಿಲ್ಲ. ನಮ್ಮ ಮಾವಾರು ಮೈಲೇಜ್ ಬರ್ತದಂತ ಊರಾಗೂ ಐದನೇ ಗೇರ್ ಬಿಡಂಗಿಲ್ಲ, ಹೇಳೋರ್ಯಾರು.

ಪಾನಾ_ಪಕ್ಕಡ್:
ಹೌದ್ ತಮ್ಮಾ, ಅದು ನಾ ಬಿಟ್ಟಿದ್ದೆ. ಇನ್ನ ಆ 30 ಪರ್ಸೆಂಟ್ ಸುಳ್ಳ್ರಿ. ಹೊರಗಿನ ಗಾಳಿದೇ ಹತ್ರಹತ್ರ 1 ಬಾರ್ ಇರ್ತದ, ಬೂಸ್ಟ್ ಅದ್ರ ಮ್ಯಾಲ ಕೂಡ್ತದ, ಅಂದ್ರ 2 ಇದ್ದದ್ದು 2.3 ಆಯ್ತು, ಗಾಳಿ 15 ಪರ್ಸೆಂಟ್. ಮೇ ತಿಂಗಳ 42 ಡಿಗ್ರಿ ಬಿಸಿಲಾಗ ಟರ್ಬೊ ಗಾಳಿ ತಂಪು ಮಾಡೋ ಇಂಟರ್‌ಕೂಲರ್‌ಗೇ ಬಿಸಿ ಗಾಳಿ ಹೊಡೀತದ, ಅಷ್ಟೂ ಸಿಗಂಗಿಲ್ಲ. ಗಾಳಿ ಸಾಲ್ದೆ ಡೀಸೆಲ್ ಜಾಸ್ತಿ ಹಾಕಿದ್ನಂದ್ರ ಕರಿ ಹೊಗಿ, ಟರ್ಬೊ ಕೆಂಡ. ಹಳೀ ಗಾಡ್ಯಾಗ ಅದಕ್ಕೂ ಮೊದಲ ಕ್ಲಚ್ ಜಾರಿ ಹೋಗ್ತದ.

ಕಲಬುರಗಿ_ಡೀಸೆಲ್:
ಕ್ಲಚ್ ಅಂದ್ರಿ ನೋಡ್ರಿ, ಹುಮನಾಬಾದ್ ಕಡಿ ಲಾರಿ ಓವರ್‌ಟೇಕ್ ಮಾಡುವಾಗ ಇಂಜಿನ್ ಒದರ್ತದ, ಗಾಡಿ ಮುಂದ ಹೋಗಂಗಿಲ್ಲ. ಪವರ್ ಕಮ್ಮಿ ಆಗ್ಯದಂತ ತಿಳ್ಕೊಂಡೇ ರೀಮ್ಯಾಪ್ ಕೇಳಲಿಕ್ಕ ಹೋಗಿದ್ದೆ!