ಉಪ್ಪುನೀರಿನ ಹೊಸ ಮೀನಿನ ಟ್ಯಾಂಕ್: ನೈಟ್ರೇಟ್ 50ರಿಂದ ಕೆಳಗೆ ಇಳಿಯುತ್ತಿಲ್ಲ

ಪ್ರಶ್ನೆ (ವಾಕಡ್, ಪುಣೆ)
120 ಲೀಟರ್ ಟ್ಯಾಂಕ್, ಶುರುವಾಗಿ ಒಂಬತ್ತು ವಾರ. 12 ಕಿಲೋ ಒಣ ಕಲ್ಲು, ಎರಡು ಕ್ಲೌನ್ ಮೀನು, ಕ್ಯಾನಿಸ್ಟರ್ (ಹೊರಗಿಡುವ ಡಬ್ಬಿ) ಫಿಲ್ಟರ್. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇಲ್ಲ. ಕೊಳೆಯಿಂದ ಬರುವ ಅಮೋನಿಯಾ 0, ಅದರಿಂದಾಗುವ ನೈಟ್ರೈಟ್ 0.5, ಕೊನೆಗುಳಿಯುವ ನೈಟ್ರೇಟ್ 50 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ವಾರಕ್ಕೆ 20 ಲೀಟರ್ ಬದಲಿಸಿದರೂ ಅಷ್ಟೇ ತೋರಿಸುತ್ತದೆ. ಉಪ್ಪು ಬೆರೆಸಲು, ಆವಿಯಾದದ್ದನ್ನು ತುಂಬಲು ಅಡುಗೆಮನೆಯ ಆರ್‌ಒ ನೀರು. ಸೊಸೈಟಿಗೆ ಬೋರ್‌ವೆಲ್, ಟ್ಯಾಂಕರ್ ನೀರೂ ಬರುತ್ತದೆ. ವೋಡ್ಕಾ ಹಾಕಿದರೆ ಇಳಿಯುತ್ತದೆ ಅಂತಾರೆ, ಹಾಕಲೇ?

ಉತ್ತರ 1
ಈಗ ಬೇಡ ಸರ್. ನೈಟ್ರೈಟ್ 0.5 ಇರುವಾಗ ನೈಟ್ರೇಟ್ ಅಂಕಿಯನ್ನೇ ನಂಬಬೇಡಿ. ಬಹಳಷ್ಟು ಕಿಟ್‌ಗಳು ನೈಟ್ರೇಟ್‌ನ ಒಂದು ಪಾಲನ್ನು ನೈಟ್ರೈಟ್ ಮಾಡಿ ಬಣ್ಣ ತೋರಿಸುತ್ತವೆ. ನೀರಲ್ಲಿ ಮೊದಲೇ ಇರುವ ನೈಟ್ರೈಟ್ ಆ ಬಣ್ಣವನ್ನು ಎಷ್ಟೋ ಪಟ್ಟು ಹಿಗ್ಗಿಸುತ್ತದೆ. ನೈಟ್ರೈಟ್ ಸೊನ್ನೆಗೆ ಬಂದಮೇಲೆ ಮತ್ತೆ ಅಳೆಯಿರಿ. ಉಪ್ಪುನೀರಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ಇಷ್ಟು ನೈಟ್ರೈಟ್‌ನಿಂದ ಮೀನಿಗೆ ಅಪಾಯವಿಲ್ಲ.

ಇನ್ನೊಂದು: 120ರಲ್ಲಿ 20 ಲೀಟರ್ ಅಂದರೆ ಆರನೇ ಒಂದು ಪಾಲು. ಶುದ್ಧ ನೀರಾದರೂ 50 ಇದ್ದದ್ದು ಸುಮಾರು 42 ಆಗುತ್ತದೆ. ಬಣ್ಣದ ಕಾರ್ಡಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ.

ಉತ್ತರ 2
ನನಗ ಅನುಮಾನ ಆ ಆರ್‌ಒ ನೀರಿನ ಮ್ಯಾಲೆ ಐತ್ರಿ. ಮನಿ ಮಷಿನ್‌ದಾಗ ಟಿಡಿಎಸ್ (ನೀರಾಗ ಕರಗಿದ ಲವಣ) ಕಂಟ್ರೋಲರ್ ಅಂತ ಸಣ್ಣ ವಾಲ್ವ್ ಇರ್ತದ. ಕುಡಿಯೋ ನೀರಿಗೆ ರುಚಿ ಬರ್ಲಿ ಅಂತ ಮೆಂಬ್ರೇನ್ (ಸೋಸೋ ಪೊರೆ) ದಾಟದ ನೀರನ್ನ ಅದು ವಾಪಸ್ ಬೆರಸ್ತದ. ಬೋರ್ ನೀರಿನ ನೈಟ್ರೇಟ್ ಆ ದಾರೀಲೆ ಒಳಗ ಬರ್ತದ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಂದ್ರ ಕುಡಿಯಾಕ ಚಲೋ ಇದ್ದ ನೀರೂ ಟ್ಯಾಂಕಿಗೆ ಆಗೂದಿಲ್ಲ. 30 ಪಿಪಿಎಂ ನೀರು ದಿನಾ 2 ಲೀಟರ್ ಹಾಕಿದ್ರ 60 ಮಿಲಿಗ್ರಾಂ. ನಿಮ್ಮ ಟ್ಯಾಂಕಿಗೆ ದಿನಕ್ಕ ಅರ್ಧ ಪಿಪಿಎಂ, ತಿಂಗಳಿಗೆ 15. ನೀರು ಆವಿ ಆಗಿ ಹೋಗ್ತದ, ನೈಟ್ರೇಟ್ ಅಲ್ಲೇ ಉಳೀತದ.

ಆ ನೀರನ್ನ ಉಪ್ಪು ಹಾಕೂದಕ್ಕಿಂತ ಮೊದಲ ಒಮ್ಮೆ ಟೆಸ್ಟ್ ಮಾಡ್ರಿ.

ಪ್ರಶ್ನೆ ಕೇಳಿದವರು
ಅಳೆದೆ. ಟಿಡಿಎಸ್ 140, ನೈಟ್ರೇಟ್ 25!

ಉತ್ತರ 2
ಸಿಕ್ಕಿತು ನೋಡ್ರಿ. ಆ ನೀರಲೆ ಎಷ್ಟು ಬದಲಿಸಿದ್ರೂ 25ಕ್ಕಿಂತ ಕೆಳಗ ಒಯ್ಯಾಕ ಆಗೂದಿಲ್ಲ. ವಾಲ್ವಿಗಿಂತ ಮೊದಲ, ಮೆಂಬ್ರೇನ್ ಪೈಪಿಗೆ ಒಂದು ಟಿ ಹಾಕಿ ಬ್ಯಾರೆ ಲೈನ್ ತಗೀರಿ, ಮುಂದ ಉಳಿದ ಲವಣ ಹಿಡಿಯೋ ಡಿಐ ರೆಸಿನ್ ಕಾರ್ಟ್ರಿಡ್ಜ್ ಕೂಡಿಸ್ರಿ. ಟಿಡಿಎಸ್ ಮೀಟರ್ 0 ತೋರಿಸ್ಬೇಕು. 1–2 ಬಂತಂದ್ರ ರೆಸಿನ್ ಬದಲಿಸ್ರಿ. ಆಮ್ಯಾಲೆ 50% ನೀರು ಎರಡು ಸಲ, ನಡುವ ನಾಲ್ಕು ದಿನ ಬಿಟ್ಟು. 50 ಇದ್ದದ್ದು 25, ಮತ್ತ 12ರ ಹತ್ರ ಬರ್ತದ. ಹೊಸ ನೀರು 26 ಡಿಗ್ರಿ, ಉಪ್ಪಿನ ಅಳತೆ (ಸ್ಪೆಸಿಫಿಕ್ ಗ್ರ್ಯಾವಿಟಿ) 1.025ಕ್ಕ ಹೊಂದಿರ್ಲಿ.

ಉತ್ತರ 3
ಕ್ಯಾನಿಸ್ಟರ್ ಮರೆಯಬೇಡಿ. ಸ್ಪಂಜಿನಲ್ಲಿ ಸಿಕ್ಕಿದ ಆಹಾರ, ಹಿಕ್ಕೆ ಅಲ್ಲೇ ಕೊಳೆತು ಕೊನೆಗೆ ನೈಟ್ರೇಟ್ ಆಗುತ್ತದೆ. ವಾರಕ್ಕೊಮ್ಮೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಸ್ಪಂಜ್ ಹಿಂಡಿ, ನಲ್ಲಿ ನೀರಲ್ಲಿ ಬೇಡ. ಫ್ರೋಜನ್ ಆಹಾರ ಕರಗಿದ ನೀರನ್ನು ಸೋಸಿ ಚೆಲ್ಲಿ. ಒಣ ಕಲ್ಲಿನ ಒಳಗೆ, ಆಮ್ಲಜನಕ ತಲುಪದ ಜಾಗದಲ್ಲಿ, ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ ನೆಲೆಸಲು ತಿಂಗಳುಗಳೇ ಬೇಕು.

ವೋಡ್ಕಾ ಸ್ಕಿಮ್ಮರ್ ಬಂದಮೇಲಿನ ಮಾತು. ಸಕ್ಕರೆ, ಫ್ಲೇವರ್ ಇಲ್ಲದ 40%ದ್ದು, 100 ಲೀಟರಿಗೆ ದಿನಕ್ಕೆ 0.1 ಎಂಎಲ್‌ನಿಂದ ಶುರು. ಅದನ್ನು ತಿಂದು ಹೆಚ್ಚುವ ಬ್ಯಾಕ್ಟೀರಿಯಾ ನೈಟ್ರೇಟ್ ಜೊತೆಗೆ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ, ಹೆಚ್ಚು ಸುರಿದರೆ ರಾತ್ರೋರಾತ್ರಿ ನೀರು ಹಾಲಿನಂತಾಗಿ ಮೀನು ಮೇಲೆ ಬಂದು ಬಾಯಿಬಿಡುತ್ತವೆ. ಆ ಬ್ಯಾಕ್ಟೀರಿಯಾಕ್ಕೆ ಫಾಸ್ಫೇಟ್ ಕೂಡ ಬೇಕು, ಅದು ಸೊನ್ನೆಯಾದರೆ ಕೆಲಸ ನಿಂತುಬಿಡುತ್ತದೆ. ಎರಡೇ ಕ್ಲೌನ್ ಇರುವ ಟ್ಯಾಂಕಿಗೆ ಅದರ ಅಗತ್ಯವೇ ಬೀಳಲಿಕ್ಕಿಲ್ಲ.