ಮಗ ಸ್ಟೀಮ್ ಇಂಜಿನ್ ಗಾಲಾಗೆ ವಾಲಂಟಿಯರ್ ಆಗಿದ್ದಾನೆ, ಅಲ್ಲಿ ಏನು ಕೆಲಸ ಇರುತ್ತದೆ?

ಸಪ್ತಾಪುರದ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು. ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಅಲ್ಲಿ ಹಳೇ ಸ್ಟೀಮ್ ರೈಲು ಓಡಿಸುವ ಒಂದು ಹೆರಿಟೇಜ್ ರೈಲ್ವೆಗೆ ವಾಲಂಟಿಯರ್ ಆಗಿ ಸೇರಿದ್ದಾನೆ. ಬರುವ ತಿಂಗಳು ಶನಿವಾರ-ಭಾನುವಾರ ದೊಡ್ಡ ಗಾಲಾ ಅಂತೆ, ಬೇರೆ ಊರಿನ ಇಂಜಿನ್‌ಗಳೂ ಬರುತ್ತವಂತೆ. ಇವನನ್ನು ಶೆಡ್ಡಿಗೆ ಹಾಕಿದ್ದಾರೆ, ನಸುಕಿನಲ್ಲಿ ನಾಲ್ಕಕ್ಕೇ ಹೋಗಬೇಕು. ಮನೆಯಲ್ಲಿ ತಾನು ಉಂಡ ತಟ್ಟೆಯನ್ನೂ ತೊಳೆದವನಲ್ಲ! ನಮ್ಮ ಯಜಮಾನರಂತೂ "ಇಂಜಿನ್ ಓಡಿಸ್ತಾನೆ ಬಿಡು" ಎಂದು ನಗುತ್ತಾರೆ. ನನಗೆ ಬೆಂಕಿ, ಉಗಿ ಅಂದರೆ ಭಯ. ಹುಬ್ಬಳ್ಳಿ ಕಡೆಯ ರೈಲ್ವೆಯವರು ಇಲ್ಲಿ ಬಹಳ ಇದ್ದೀರಿ, ನಿಜಕ್ಕೂ ಏನು ಮಾಡಿಸುತ್ತಾರೆ ಹೇಳಿ. ಇಲ್ಲಿಂದ ಏನಾದರೂ ಕಳಿಸಬೇಕಾ?

ಹಳೇ ಶೆಡ್
ಅಕ್ಕಾರೆ, ಓಡಿಸುವುದು ದೂರದ ಮಾತು. ನಮ್ಮ ಮೀಟರ್ ಗೇಜ್ ಕಾಲದಲ್ಲೂ ಮೊದಲು ಕ್ಲೀನರ್, ಆಮೇಲೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್, ಆಮೇಲೆ ಡ್ರೈವರ್. ಅಲ್ಲೂ ಅದೇ ಮೆಟ್ಟಿಲು, ಸಂಬಳ ಇಲ್ಲ ಅಷ್ಟೇ. ನಿಮ್ಮ ಮಗನ ಕೈಗೆ ಮೊದಲು ಸಿಗುವುದು ಎಣ್ಣೆ ಮತ್ತು ಹಳೇ ಬಟ್ಟೆ ಚೂರು. ಗಾಲಾ ನೋಡಲು ಬರುವವರು ಕ್ಯಾಮೆರಾ ಹಿಡಿದೇ ಬರುತ್ತಾರೆ, ಹಾಗಾಗಿ ಇಂಜಿನ್ ಮೈ ಹೊಳೆಯಲೇಬೇಕು. ಚಕ್ರ, ರಾಡು, ಅವುಗಳ ಸಂದಿಯ ಜಿಡ್ಡು ಎಲ್ಲ ಒರೆಸಬೇಕು. ಹೀಗೆ ಒರೆಸುವಾಗಲೇ ಬಿರುಕು, ಸಡಿಲ ನಟ್ಟು ಕಣ್ಣಿಗೆ ಬೀಳುತ್ತವೆ, ಅದಕ್ಕೇ ಹೊಸಬರನ್ನು ಅಲ್ಲಿಂದ ಶುರು ಮಾಡಿಸುತ್ತಾರೆ.

ಇನ್ನು ನಸುಕಿನ ನಾಲ್ಕು ಯಾಕೆ ಅಂದರೆ, ತಣ್ಣಗಿರುವ ಬಾಯ್ಲರ್ ಅವಸರಕ್ಕೆ ಬರುವುದಿಲ್ಲ. ದೊಡ್ಡ ಇಂಜಿನ್ ಆದರೆ ಹಿಂದಿನ ದಿನವೇ ಕಟ್ಟಿಗೆ, ಎಣ್ಣೆ ಬಟ್ಟೆ ಹಾಕಿ ಸಣ್ಣ ಬೆಂಕಿ ಮಾಡಿಟ್ಟು ನಿಧಾನಕ್ಕೆ ಕಾಯಿಸುತ್ತಾರೆ. ಜೋರು ಬೆಂಕಿ ಹಾಕಿದರೆ ಒಂದು ಕಡೆಯ ತಗಡು ಮೊದಲು ಹಿಗ್ಗುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ, ಆಗ ಬಾಯ್ಲರ್ ಒಳಗೆ ಬಿಸಿ ಹೊಗೆ ಹಾಯುವ ಟ್ಯೂಬ್‌ಗಳು ಸೋರಲು ಶುರು. ತಣ್ಣಗಿನ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದ ಹಾಗೆ. ಬೆಂಕಿ ಹಚ್ಚುವ ಮೊದಲು ಇಂಜಿನ್ ಮುಂಭಾಗದ ಹೊಗೆ ಗೂಡಿನ (ಸ್ಮೋಕ್‌ಬಾಕ್ಸ್) ಬೂದಿ ತೆಗೆಯಬೇಕು, ಬೆಂಕಿಯ ಕೆಳಗೆ ಬೂದಿ ಬೀಳುವ ಆಶ್‌ಪ್ಯಾನ್ ಕೆರೆಯಬೇಕು. ಆ ಕೆಲಸವೂ ಹುಡುಗರಿಗೇ ಬರುತ್ತದೆ, ಮೂಗು ಬಾಯೆಲ್ಲ ಕಪ್ಪು.

ಭಯದ ಮಾತು ಕೇಳಿದಿರಿ. ಎಲ್ಲಕ್ಕಿಂತ ಮೊದಲು ನೋಡುವುದು ಬಾಯ್ಲರ್ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ (ಗೇಜ್ ಗ್ಲಾಸ್) ನೀರು. ನೀರು ಕಡಿಮೆಯಾಗಿ ಬೆಂಕಿ ಉರಿಯುವ ಫೈರ್‌ಬಾಕ್ಸಿನ ತಲೆ ಒಣಗಿದರೆ ಅಲ್ಲಿರುವ ಸೀಸದ ಪ್ಲಗ್ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ, ಎಚ್ಚರಿಕೆ ಸಿಗಲಿ ಅಂತಲೇ ಹಾಗೆ ಮಾಡಿರುವುದು. ಆದರೆ ಹೊಸ ಹುಡುಗನನ್ನು ಇಂಥದ್ದರ ಮುಂದೆ ಒಬ್ಬನೇ ಬಿಡುವುದಿಲ್ಲ. ಸೇಫ್ಟಿ ಪಾಠ ಆಗದೆ ಹಳಿ ದಾಟಲೂ ಬಿಡುವುದಿಲ್ಲ.

ಕಳಿಸುವುದಾದರೆ ದಪ್ಪ ಹತ್ತಿ ಬಟ್ಟೆಯ ಪ್ಯಾಂಟು, ತುಂಬು ತೋಳಿನ ಅಂಗಿ ಇಲ್ಲೇ ಹೊಲಿಸಿ ಕಳಿಸಿ. ನೈಲಾನ್, ಪಾಲಿಯೆಸ್ಟರ್ ಜಾಕೆಟ್ ಬೇಡವೇ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಗದಗ ಜಂಕ್ಷನ್
ಶೆಡ್ ಒಂದೇ ಅಲ್ಲ ಅಕ್ಕಾರೆ. ಗಾಲಾ ಅಂದರೆ ದಿನವಿಡೀ ಗಾಡಿ ಜಾಸ್ತಿ, ಅದೂ ಸಾಮಾನ್ಯವಾಗಿ ಒಂಟಿ ಹಳಿ. ಒಂದರ ಹಿಂದೆ ಒಂದು ಬಿಡಲು ಟೋಕನ್, ಅಂದರೆ ಆ ಹಳಿಗೆ ಹೋಗಲು ಡ್ರೈವರ್‌ಗೆ ಕೊಡುವ ಅನುಮತಿಯ ಗುರುತು, ಬದಲಾಯಿಸುತ್ತಲೇ ಇರಬೇಕು. ಹಿಂದೆ ನಮ್ಮ ಸಣ್ಣ ಸ್ಟೇಷನ್‌ಗಳಲ್ಲಿ ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು, ಓಡುವ ಗಾಡಿಗೆ ಕೊಡುತ್ತಿದ್ದರಲ್ಲ, ಆ ಪದ್ಧತಿ ಅಲ್ಲಿ ಇನ್ನೂ ಜೀವಂತ. ಜೊತೆಗೆ ಟಿಕೆಟ್, ಪಾರ್ಕಿಂಗ್, ಕ್ಯಾಂಟೀನ್, ಎಲ್ಲ ಕಡೆ ವಾಲಂಟಿಯರ್‌ಗಳೇ. ವೇಲ್ಸ್‌ನ ತಲಿಥ್ಲಿನ್ ರೈಲ್ವೆಯಲ್ಲಿ 1951ರಲ್ಲೇ ಹವ್ಯಾಸಿಗಳು ಸೇರಿ ಹೀಗೆ ವಾಲಂಟಿಯರ್‌ಗಳೇ ರೈಲು ನಡೆಸುವುದನ್ನು ಶುರು ಮಾಡಿದರು.

ಲೀಡ್ಸ್ ಕನ್ನಡಿಗ
ಒಂದು ಸಣ್ಣ ಸೂಚನೆ. ಸ್ಟೂಡೆಂಟ್ ವೀಸಾದವರು ವಾಲಂಟಿಯರಿಂಗ್ ಮಾಡಬಹುದು. ಆದರೆ ಕೂಲಿ ಇಲ್ಲದಿದ್ದರೂ "ಕೆಲಸ" ಎನಿಸುವ ಒಪ್ಪಂದವಾದರೆ ಅದು ಕೆಲಸದ ಗಂಟೆಗಳ ಲೆಕ್ಕಕ್ಕೆ ಸೇರುತ್ತದೆ. ಯೂನಿವರ್ಸಿಟಿಯ ವೀಸಾ ವಿಭಾಗಕ್ಕೆ ಒಂದು ಮೇಲ್ ಹಾಕಿ ಕೇಳಲಿ.

ಕಲ್ಲಿದ್ದಲಿನ ವಿಷಯ ಯಾರೂ ಹೇಳಲಿಲ್ಲ. ವೇಲ್ಸ್‌ನ ಕೊನೆಯ ದೊಡ್ಡ ತೆರೆದ ಗಣಿ 2023ರಲ್ಲಿ ಮುಚ್ಚಿತು, ಈಗ ಕಲ್ಲಿದ್ದಲು ಹಡಗಿನಲ್ಲಿ ಬರಬೇಕು. ಸಲಿಕೆ ಹಿಡಿಯುವ ದಿನ ಬಂದರೆ ಇದು ನೆನಪಿರಲಿ, ಸುಮ್ನೆ ಸುರಿದರೆ ಹಿರಿಯರ ಬೈಗುಳ ಗ್ಯಾರಂಟಿ.

ಕೇಶ್ವಾಪುರ ಹುಡುಗ
ವಿಷಯ ಬಿಟ್ಟು ಕೇಳುತ್ತೇನೆ, ಹುಬ್ಬಳ್ಳಿ ಗದಗ ರಸ್ತೆಯ ನಮ್ಮ ರೈಲ್ವೆ ಮ್ಯೂಸಿಯಂನಲ್ಲಿ 2020ರಿಂದ ಹಳೇ ಇಂಜಿನ್ ನಿಂತಿವೆಯಲ್ಲ, ನಾವೂ ಹತ್ತು ಜನ ಸೇರಿ ಒಂದನ್ನು ಓಡಿಸಬಾರದಾ?

ಹಳೇ ಶೆಡ್
ತಮ್ಮಾ, ಬಣ್ಣ ಹೊಳೆಯುವುದು ಬೇರೆ, ಬಾಯ್ಲರ್ ಒತ್ತಡ ತಡೆಯುವುದು ಬೇರೆ. ವರ್ಷಗಟ್ಟಲೆ ನಿಂತ ಬಾಯ್ಲರ್‌ನ ಟ್ಯೂಬ್ ಎಲ್ಲ ತೆಗೆದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಪಡೆಯದೆ ಬೆಂಕಿ ಹಚ್ಚುವಂತಿಲ್ಲ. ನೀಲಗಿರಿ ರೈಲಿನಲ್ಲಿ ಉಗಿ ಇನ್ನೂ ಓಡುತ್ತದೆ, ಆದರೆ ಅದು ರೈಲ್ವೆ ನೌಕರರ ಕೈಯಲ್ಲಿ. ನಮ್ಮದು 1885ರಿಂದ ರೈಲ್ವೆ ವರ್ಕ್‌ಶಾಪ್ ಇರುವ ಊರು, ಕೆಲಸ ಬಲ್ಲ ಕೈಗೆ ಬರ ಇಲ್ಲ. ಮೊದಲು ಅಲ್ಲಿ ಒರೆಸಲು, ಎಣ್ಣೆ ಹಾಕಲು ಅನುಮತಿ ಕೇಳೋಣ. ಓಡಿಸುವ ಮಾತು ಆಮೇಲೆ. ಬರುವವರು ಇಲ್ಲೇ ಹೆಸರು ಹಾಕಿ, ಅರ್ಜಿ ನಾನು ಬರೆಯುತ್ತೇನೆ.

ಸಪ್ತಾಪುರದ ಅಮ್ಮ
ಎಲ್ಲರಿಗೂ ಧನ್ಯವಾದ. ಅಂಗಿಗೆ ಇವತ್ತೇ ಅಳತೆ ಕೇಳಿದ್ದೇನೆ. ನಮ್ಮ ಯಜಮಾನರ ಹೆಸರನ್ನೂ ಮ್ಯೂಸಿಯಂ ಪಟ್ಟಿಗೆ ಸೇರಿಸಿ ಸರ್, ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ, ಒರೆಸುವುದು ಅವರೂ ಕಲಿಯಲಿ.