ಹೂಬಳ್ಳಿ ಗಿಡ ಮಾಡುವುದು: ನಿವೃತ್ತ ಕೃಷಿ ಅಧಿಕಾರಿಯವರಲ್ಲಿ ಕೇಳಿ (ವಾಟ್ಸಾಪ್ ಗುಂಪಿನಿಂದ; ಬರೆದವರ ಹೆಸರಿನ ಬದಲು ಊರು ಕೊಟ್ಟಿದೆ)

ಬದಿಯಡ್ಕ: ನಮಸ್ತೆ ಸರ್. ಬೋಗನ್‌ವಿಲ್ಲಾ ಗೆಲ್ಲು ನೆಟ್ಟಿದ್ದೆ. ಚೆನ್ನಾಗಿ ಚಿಗುರಿ ಈಗ ಬಾಡುತ್ತಿದೆ. ಯಾಕೆ?

ಅಧಿಕಾರಿ: ನಮಸ್ತೆ ಅಕ್ಕ. ಚಿಗುರು ಬಂತೆಂದರೆ ಬೇರು ಬಂತೆಂದಲ್ಲ, ಗೆಲ್ಲಿನಲ್ಲಿದ್ದ ಸತ್ವದಲ್ಲೇ ಎಲೆ ಬಿಟ್ಟಿರುತ್ತದೆ. ಪೆನ್ಸಿಲ್ ದಪ್ಪದ ಬಲಿತ ಗೆಲ್ಲು ತೆಗೆದು ಗಂಟಿನ ಕೆಳಗೇ ಕೊಯ್ಯಿರಿ. ಹೊಯಿಗೆ, ತೆಂಗಿನ ನಾರಿನ ಹುಡಿ ಸಮ ಹಾಕಿ ನೆರಳಲ್ಲಿಡಿ. ನೀರು ನಿಲ್ಲಬಾರದು. ಎಳೆದು ನೋಡಬೇಡಿ.

ಕುಂಬಳೆ: ಜೇನು ಹಚ್ಚಿದರೆ ವಾರದಲ್ಲಿ ಬೇರು ಅಂತ ವಾಟ್ಸಾಪಲ್ಲಿ ಬಂದಿದೆ.

ಅಧಿಕಾರಿ: ಜೇನು ಬೇರು ಬರಿಸುವುದಿಲ್ಲ. ಅಂಗಡಿಯಲ್ಲಿ ಬೇರು ಬರಿಸುವ ಐಬಿಎ ಹುಡಿ ಕೇಳಿ.

ಮುಳ್ಳೇರಿಯ: ಬೆಳ್ಳುಳ್ಳಿ ಬಳ್ಳಿಯ ಗೆಲ್ಲು ನೆಡಲು ಯಾವ ತಿಂಗಳು ಒಳ್ಳೆಯದು?

ಪೆರ್ಲ: ಸರ್, ಗುಡ್ಡೆ ಬದಿಯಿಂದ ಗೌರಿ ಹೂವಿನ (ಅಗ್ನಿಶಿಖೆ) ಗೆಡ್ಡೆ ಅಗೆದು ತಂದೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ನೆಡುವ ಅಂತ ಗೆಣಸಿನ ಬುಟ್ಟಿಯಲ್ಲಿಟ್ಟಿದ್ದೇನೆ. ತುಂಡು ಮಾಡಿ ನೆಡಬಹುದಾ?

ಅಧಿಕಾರಿ: ಮೊದಲು ಅದನ್ನು ಆ ಬುಟ್ಟಿಯಿಂದ ತೆಗೆಯಿರಿ. ಈಗಲೇ. ಅದರಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಬೇಯಿಸಿದರೂ ಹೋಗುವುದಿಲ್ಲ. ಗೆಣಸೆಂದು ತಿಳಿದು ತಿಂದು ಸತ್ತವರಿದ್ದಾರೆ. ತಿಂದ ಕೂಡಲೇ ಏನೂ ಆಗದು, ಕೆಲವು ಗಂಟೆ ಕಳೆದು ವಾಂತಿ, ಭೇದಿ ಶುರು. ಯಾರಾದರೂ ತಿಂದರೆ ವಾಂತಿಗೆ ಕಾಯದೆ, ಗೆಡ್ಡೆಯ ಚೂರನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಇನ್ನು ನೆಡುವ ವಿಷಯ. ಗೆಡ್ಡೆ ಕವೆಯ ಹಾಗಿರುತ್ತದೆ ನೋಡಿ, ಮೊಳಕೆ ಬರುವುದು ಎರಡೂ ಕೊಂಬಿನ ತುದಿಯಲ್ಲಿ ಮಾತ್ರ. ಕವೆ ಸೇರುವಲ್ಲಿ ಬಿಡಿಸಿದರೆ ಎರಡು ಗಿಡ. ತುದಿ ಮುರಿದರೆ ಆ ತುಂಡು ಕೊಳೆಯುತ್ತದೆ ಅಷ್ಟೆ. ಕೈಗೆ ಗ್ಲೌಸ್ ಹಾಕಿ. ಮಲಗಿಸಿ ನೆಟ್ಟು, ಏರಲು ಕಡ್ಡಿ ಕೊಡಿ, ಎಲೆಯ ತುದಿಯೇ ಸುತ್ತಿ ಹಿಡಿಯುತ್ತದೆ. ಬೀಜದಿಂದಲೂ ಆಗುತ್ತದೆ, ಹೂವಿಗೆ ಕೆಲವು ವರ್ಷ ಕಾಯಬೇಕು. ಮನೆಯಲ್ಲಿ ಮಕ್ಕಳಿದ್ದಾರಾ?

ಬೇಳ: ಗೋಮೂತ್ರದಲ್ಲಿ ನೆನೆಸಿದರೆ ವಿಷ ಹೋಗುತ್ತದೆ. ಗಂಟು ನೋವಿಗೆ ಅರೆದು ಹಚ್ಚುತ್ತಾರೆ. (ಫಾರ್ವರ್ಡ್ ಮಾಡಿದ್ದು)

ಅಧಿಕಾರಿ: ಅಳಿಸಿ ಅದನ್ನು. ಶುದ್ಧಿ ಮಾಡುವುದು ಕಲಿತ ವೈದ್ಯರ ಕೆಲಸ.

ಬೇಳ: ನಮ್ಮ ಹಿರಿಯರು ಏನೂ ಗೊತ್ತಿಲ್ಲದವರಾ ಹಾಗಾದರೆ?

ಕುಂಬಳೆ: ಹಿರಿಯರು ವಾಟ್ಸಾಪ್ ನೋಡಿ ಮದ್ದು ಅರೆಯುತ್ತಿರಲಿಲ್ಲ ಮಾರಾಯ್ರೆ.

ಬೇಳ: ಜೇನು ತಂದವರು ಯಾರು ಇಲ್ಲಿಗೆ? ನೀವಲ್ಲವಾ?

ಕುಂಬಳೆ: ನಾನು ಕೇಳಿದ್ದು. ನೀವು ಉಪದೇಶ ಮಾಡಿದ್ದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮಂಜೇಶ್ವರ: ಸರ್, ಬೋಗನ್‌ವಿಲ್ಲಾ ಚಿಗುರಿ ಬಾಡುತ್ತಿದೆ...

ಅಧಿಕಾರಿ: ಮೇಲೆ ಓದಿ.

ನೀರ್ಚಾಲು: ಶಂಖಪುಷ್ಪದ ಬೀಜ ಮೊಳೆಯುತ್ತಿಲ್ಲ.

ಅಧಿಕಾರಿ: ಸಿಪ್ಪೆ ಗಟ್ಟಿ. ಒಂದು ಬದಿ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ ಹಾಕಿ.

ನೀರ್ಚಾಲು: ಮಲ್ಲಿಗೆ?

ಅಧಿಕಾರಿ: ಬಳ್ಳಿ ಬಗ್ಗಿಸಿ ಒಂದು ಗಂಟು ಮಣ್ಣಲ್ಲಿ ಹೂಳಿ, ಮೇಲೆ ಕಲ್ಲಿಡಿ. ಬೇರು ಬಂದ ಮೇಲೆ ಕತ್ತರಿಸಿ.

ಮಂಜೇಶ್ವರ: ಮೇಲೆ ಓದಿದೆ. ಜೇನು ಹಾಕಬಹುದಾ?

ಅಧಿಕಾರಿ: ದೋಸೆಗೆ ಹಾಕಿ. ಪೆರ್ಲದವರೇ, ಉತ್ತರ ಬರಲಿಲ್ಲ. ಗೆಡ್ಡೆ ಎಲ್ಲಿದೆ?

ಪೆರ್ಲ: ತೆಗೆದು ಅಟ್ಟದಲ್ಲಿಟ್ಟೆ ಸರ್, ಮೊಮ್ಮಗ ಇದ್ದಾನೆ. ಬುಟ್ಟಿಯಲ್ಲಿ ಒಂದು ತುಂಡು ಯಾವುದೆಂದು ಗೊತ್ತಾಗುತ್ತಿಲ್ಲ.

ಅಧಿಕಾರಿ: ಬುಟ್ಟಿ ಸಮೇತ ಎಲ್ಲ ಗೆಣಸೂ ಹೂತುಹಾಕಿ. ದನಕ್ಕೂ ಕೊಡಬೇಡಿ. ಹೂತ ಮೇಲೆ ಇಲ್ಲಿ ಬರೆಯಿರಿ.

ಮುಳ್ಳೇರಿಯ: ನನ್ನ ಬೆಳ್ಳುಳ್ಳಿ ಬಳ್ಳಿಯದ್ದು ಯಾರೂ ನೋಡಲಿಲ್ಲ.

ಪೆರ್ಲ: ಹೂತಾಯಿತು ಸರ್.